ಕುದಿಸಿ ಆರಿಸಿಟ್ಟ ನೀರು

ಮೊನ್ನೆ ಮಧ್ಯಾಹ್ನ ಪಕ್ಕದ ಫ್ಲಾಟಿನಿಂದ ಬಿಳಿ ಎಳ್ಳು ಹುರಿಯುವ ವಾಸನೆ ಬಂತು. ಸಂಕ್ರಾಂತಿ ಇನ್ನೂ ದೂರವಿತ್ತು. ಬಿಳಿ ಎಳ್ಳಿನ ವಾಸನೆ ಮೊದಲು ಮೆತ್ತಗೆ, ಕಾಯಿಸಿದ ಹಾಲಿನ ಹಾಗೆ ಬರುತ್ತದೆ. ಒಂದು ಚೂರು ಹೆಚ್ಚಾಯಿತೋ, ಕಹಿಗೆ ತಿರುಗುತ್ತದೆ. "ಬಣ್ಣ ತಿರುಗೂದ್ರಾಗ ಇಳಿಸಬೇಕ್ರಿ ಬಾಯಾರ, ತಿರುಗಿದ ಮ್ಯಾಲ ಅಲ್ಲ" ಎಂದು ಯಾರೋ ಹಿಂದೆ ನಿಂತು ಅಂದ ಹಾಗಾಯಿತು. ಮಡಚುತ್ತಿದ್ದ ಬಟ್ಟೆ ತೊಡೆಯ ಮೇಲೆ ಹಾಗೇ ಉಳಿಯಿತು...

ನಮ್ಮ ಮನೆಗೆ ಅಡುಗೆಗೆ ಬರುತ್ತಿದ್ದ ಅವರನ್ನು ನಾನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದೆ. ನನಗಿಂತ ಎರಡೋ ಮೂರೋ ವರ್ಷಕ್ಕೆ ದೊಡ್ಡವರಿದ್ದಾರು, ಅಷ್ಟೇ. ಹುಮನಾಬಾದ್ ಕಡೆಯವರು. ಗಂಡ ತೀರಿಕೊಂಡ ಮೇಲೆ ಮಗಳನ್ನು ತಾಯಿಯ ಮಡಿಲಿಗೆ ಹಾಕಿ ಗಲ್ಫಿಗೆ ಮನೆಗೆಲಸಕ್ಕೆ ಹೋಗಿ, ಆರು ವರ್ಷ ಇದ್ದು ಬಂದಿದ್ದರು. ಮಗಳು ಆಗ ಎಂಟನೇ ಕ್ಲಾಸು. ಆಪಾ, ಮಗಳು ಇಬ್ಬರೂ ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಬಸ್ತಿಯಲ್ಲಿ, ಕೂಲಿಯವರ ಕೇರಿಯಲ್ಲಿ, ಒಂದು ಕೋಣೆ ಹಿಡಿದಿದ್ದರು.

ನಾವು ತೆಲುಗು ಸೀಮೆಯ ಗಚ್ಚಿಬೌಲಿಗೆ ಬಂದ ಹೊಸತು ಅದು. ನಮ್ಮವರು ಸರ್ಕಾರಿ ಕಾರ್ಖಾನೆಯ ಕೆಲಸ ಬಿಟ್ಟು ಸಾಫ್ಟ್‌ವೇರ್ ಕಂಪನಿ ಸೇರಿದ್ದರು. ಸುತ್ತಲೂ ಬಂಡೆ ಒಡೆದು ಕಟ್ಟಡ ಎಬ್ಬಿಸುತ್ತಿದ್ದರು. ಮಧ್ಯಾಹ್ನ ಸೀಟಿ ಊದಿ ಸಿಡಿಮದ್ದು ಹಾರಿಸಿದರೆ ನಮ್ಮ ಅಡುಗೆಮನೆಯ ಸ್ಟ್ಯಾಂಡಿನಲ್ಲಿ ತಟ್ಟೆಗಳು ಝಣಝಣ ಎನ್ನುತ್ತಿದ್ದವು. ಆಪಾ ಮಾತ್ರ ಸೀಟಿ ಕೇಳಿದ ಕೂಡಲೇ ಗಾಜಿನ ಲೋಟಗಳ ಮೇಲೆ ಅಂಗೈ ಇಟ್ಟು ನಿಲ್ಲುತ್ತಿದ್ದರು. ಯಾರೂ ಹೇಳಿಕೊಟ್ಟದ್ದಲ್ಲ. ಗಲ್ಫಿನ ಆ ಮನೆಯಲ್ಲಿ ಒಂದು ಲೋಟ ಒಡೆದರೆ ಏನಾಗುತ್ತಿತ್ತೋ... ನಾನು ಕೇಳಲಿಲ್ಲ.

ಹುಮ್ಮುಸ್ ಎನ್ನುವ ಹೆಸರನ್ನು ನಾನು ಮೊದಲು ಓದಿದ್ದು ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ. ಚಿತ್ರ ನೋಡಿ ಮರುಳಾಗಿದ್ದೆ. ಬಿಳಿ ಬಟ್ಟಲಿನ ನಡುವೆ ಕೆನೆಯಂಥ ಮುದ್ದೆ, ಸುತ್ತ ಬೆರಳುದ್ದಕ್ಕೆ ಕತ್ತರಿಸಿದ ಸೌತೆಕಾಯಿ, ಗಜ್ಜರಿ, ಕೆಂಪು ದೊಣ್ಣೆಮೆಣಸಿನಕಾಯಿ. ಆ ಹಾಳೆಯನ್ನು ಕತ್ತರಿಸಿ ಇಟ್ಟುಕೊಂಡು ಆಪಾಗೆ ತೋರಿಸಿದೆ. ಅವರು ಸೆರಗಿನಿಂದ ಕೈ ಒರೆಸಿಕೊಂಡು, ಹಾಳೆಯನ್ನು ದೂರ ಹಿಡಿದು ನೋಡಿ, ಗೊಳ್ಳೆಂದು ನಕ್ಕರು.

"ಇದನ್ನ ಚಿತ್ರಾ ತೆಗದು ಹಾಕ್ತಾರಾ? ಆರು ವರ್ಷ ದಿನಾ ಇದನ್ನಾ ತಿರುವೀನ್ರಿ ನಾ! ನಮ್ ಪುಟಾಣಿ ಚಟ್ನಿಗೆ ಮೆಣಸಿನಕಾಯಿ ಮರತರ ಹಿಂಗಾ ಆಗ್ತದ."

ಅದಕ್ಕೆ ಬೇಕಾದ ಆಲಿವ್ ಎಣ್ಣೆ ಆಗ ನಮ್ಮ ಕಡೆ ಸುಲಭಕ್ಕೆ ಸಿಗುತ್ತಿದ್ದದ್ದು ಔಷಧಿ ಅಂಗಡಿಯಲ್ಲಿ, ಕೂಸಿನ ಮೈ ತಿಕ್ಕಲು, ಸಣ್ಣ ಡಬ್ಬಿಯಲ್ಲಿ. ಅಂಗಡಿಯವನು "ಮಗೂಗೆ ಎಷ್ಟು ತಿಂಗಳಮ್ಮಾ?" ಎಂದ. ಅಡುಗೆಗೆ ಎಂದು ಹೇಳಲು ಯಾಕೋ ಸಂಕೋಚವಾಗಿ "ಮೂರು" ಎಂದುಬಿಟ್ಟೆ. ನನ್ನ ಮಗನಿಗೆ ಆಗ ಹನ್ನೆರಡು. ಮನೆಗೆ ಬಂದು ಇದನ್ನು ಹೇಳಿದಾಗ ಆಪಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಹಡದ್ರಿ ಅನ್ನೂದು ನಮಗ ಗೊತ್ತಾಗಲೇ ಇಲ್ಲಲ್ರೀ ಬಾಯಾರ! ಅಲ್ಲ ಅನ್ನಾಕ ನಿಮಗ ಬಾಯಿ ಬರಂಗಿಲ್ಲೇನ್ರಿ?"

ಬರುತ್ತಿರಲಿಲ್ಲ. ಕಾನ್ವೆಂಟಿನಲ್ಲಿ ಹತ್ತು ವರ್ಷ ಓದಿದವಳು ನಾನು. ಕೇಳಿದಷ್ಟಕ್ಕೆ ಉತ್ತರ, ಮೆತ್ತಗಿನ ದನಿ, ಎದುರಿನವರಿಗೆ ಮುಜುಗರ ಮಾಡಬಾರದು. ಇದನ್ನೆಲ್ಲ ಒಳ್ಳೆಯ ಗುಣವೆಂದೇ ತಿಳಿದಿದ್ದೆ.

ಆಪಾ ಕಾಬೂಲಿ ಕಡಲೆಯನ್ನು ರಾತ್ರಿಯೇ ನೆನೆಯಿಟ್ಟು, ಚಿಟಿಕೆ ಸೋಡಾ ಹಾಕಿ ಬೇಯಿಸಿ, ಬಿಸಿಯಿರುವಾಗಲೇ ಬಟ್ಟೆಯಲ್ಲಿ ಕಟ್ಟಿ ತಿಕ್ಕುತ್ತಿದ್ದರು. ಸಿಪ್ಪೆ ಬಿಡದ ಕಾಳನ್ನು ಒಂದೊಂದಾಗಿ ಹಿಸುಕಿ ತೆಗೆಯುತ್ತಿದ್ದರು. "ಇಷ್ಟು ಯಾಕೆ ಆಪಾ, ಮಿಕ್ಸಿಗೇ ಹಾಕ್ತೀವಲ್ಲ" ಎಂದರೆ, "ನಾಲಗಿಗೆ ಒಂದು ಸಿಪ್ಪಿ ತಾಗಿದ್ರೂ ಅಲ್ಲಿ ಮನಿಯಾಕಿ ಬಟ್ಟಲಾ ಒಗೀತಿದ್ಲುರಿ" ಎಂದರು. ಹೇಳುವಾಗ ಉದ್ದ ರವಿಕೆಯ ಎಡತೋಳನ್ನು ಕೆಳಗೆ ಎಳೆದುಕೊಂಡರು. ಅಲ್ಲಿ ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಸುಟ್ಟು ಹಪ್ಪಳದ ಹಾಗೆ ಸುಕ್ಕುಗಟ್ಟಿತ್ತು. ಆ ಮನೆಯಲ್ಲಿ ಅವರು ಮಲಗುತ್ತಿದ್ದದ್ದು ವಾಷಿಂಗ್ ಮಷೀನಿಗೂ ಗೋಡೆಗೂ ನಡುವಿನ ಸಂದಿಯಲ್ಲಂತೆ. "ಅಷ್ಟು ಬಿಸಲಿನ ದೇಶದಾಗ ಆರು ವರ್ಷ ಬಿಸಲ ನೋಡಿಲ್ರಿ." ಅದಕ್ಕಿಂತ ಹೆಚ್ಚಿಗೆ ಹೇಳಿದ್ದು ನನಗೆ ನೆನಪಿಲ್ಲ.

ಹಸಿ ತರಕಾರಿಯ ವಿಷಯದಲ್ಲಿ ಅವರದೊಂದು ಕಟ್ಟುನಿಟ್ಟು ಇತ್ತು. ನಮ್ಮ ಕಟ್ಟಡದಲ್ಲಿ ಮಂಜೀರಾ ನದಿಯ ಶುದ್ಧ ನೀರು ದಿನ ಬಿಟ್ಟು ದಿನ ಒಂದು ಗಂಟೆ. ಉಳಿದಂತೆ ನಲ್ಲಿಯಲ್ಲಿ ಬರುವುದೆಲ್ಲ ಟ್ಯಾಂಕರಿನ ನೀರು. ಯಾವ ಕೆರೆಯದೋ ಯಾವ ಬಾವಿಯದೋ ದೇವರಿಗೇ ಗೊತ್ತು. "ಬೇಯಿಸೂದಕ್ಕ ಯಾವ ನೀರಾದ್ರೂ ನಡೀತದ್ರಿ. ಹಸೀದು ತಿನ್ನೂದಕ್ಕ ಕುದಿಸಿ ಆರಿಸಿದ ನೀರಾ ಬೇಕು" ಎಂದು, ಅದಕ್ಕೆ ಉಪ್ಪು, ಒಂದಿಷ್ಟು ವಿನೆಗರ್ ಹಾಕಿ, ಸೌತೆಕಾಯಿ ಗಜ್ಜರಿಗಳನ್ನು ಅರ್ಧ ತಾಸು ಮುಳುಗಿಸಿ ಇಡುತ್ತಿದ್ದರು.

ಆ ವರ್ಷದ ಚಳಿಗಾಲದಲ್ಲಿ ಗಲ್ಫಿನ ಏಜೆಂಟು ಮತ್ತೆ ಫೋನು ಮಾಡತೊಡಗಿದ್ದ. ಅದೇ ದೇಶ, ಬೇರೆ ಮನೆ. ಆಪಾಗೆ ನಮ್ಮ ಕಟ್ಟಡದಲ್ಲಿ ಎರಡು ಮನೆಗಳ ಅಡುಗೆಯಷ್ಟೇ ಇತ್ತು, ಅದರಲ್ಲಿ ಬಾಡಿಗೆ, ಮಗಳ ಸ್ಕೂಲು ನೀಗುತ್ತಿರಲಿಲ್ಲ. ಇನ್ನೆರಡು ಮನೆ ಸಿಕ್ಕರೆ ಹೋಗಬೇಕಿಲ್ಲ. ಇದನ್ನು ಅವರು ದಿನಾ ಹಿಟ್ಟು ನಾದುತ್ತ ತಮಗೇ ಹೇಳಿಕೊಳ್ಳುತ್ತಿದ್ದರು. ನನಗೊಂದು ಉಪಾಯ ಹೊಳೆಯಿತು. ಬ್ಲಾಕಿನ ಹೆಂಗಸರ ಕಿಟ್ಟಿ ಪಾರ್ಟಿ ಆ ತಿಂಗಳು ನಮ್ಮ ಮನೆಯ ಪಾಳಿ. ಆಪಾ ಕೈಯ ಹುಮ್ಮುಸ್ ಒಮ್ಮೆ ತಿಂದರೆ ಸಾಕು, ಫಾರಿನ್ನಿಗೆ ಹೋಗಿ ಬಂದ ಇವರೆಲ್ಲ ತಾವಾಗಿಯೇ ಕರೆಯುತ್ತಾರೆ ಎಂದೆ.

"ನಿಮ್ ಬಾಯಾಗ ಸಕ್ರಿ ಬೀಳ್ಲಿ" ಎಂದರು. "ನಾಕು ಮನಿ ಆದ್ವಂದ್ರ ಏಜೆಂಟಗ ಅದಾ ದಿನ ಫೋನ್ ಹಚ್ಚಿ, ಹೋಗಪಾ ನೀನಾ ಹೋಗು ಅಂತೀನಿ."

ಅವತ್ತು ಬೆಳಿಗ್ಗೆಯಿಂದ ಅವರು ಕೂರಲಿಲ್ಲ. ಎಳ್ಳು ಹುರಿದು ಅರೆದರು, ಕಡಲೆಯ ಸಿಪ್ಪೆ ತೆಗೆದರು, ಬಿಳುಪು ಬರಲೆಂದು ಮಿಕ್ಸಿಗೆ ಐಸ್ ತುಂಡು ಹಾಕಿ ತಿರುವಿದರು. ಮಧ್ಯಾಹ್ನ ಮಗಳ ಸ್ಕೂಲಿನಲ್ಲಿ ಏನೋ ಸಭೆಯಿತ್ತು. ಹೊರಡುವ ಮುಂಚೆ ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ ಮುಚ್ಚಿಟ್ಟು, "ಆರಿದ ಮ್ಯಾಲ ಕಾಯಿಪಲ್ಲೆ ಹಾಕ್ರಿ, ಮರೀಬ್ಯಾಡ್ರಿ" ಎಂದು ಎರಡು ಸಲ ಹೇಳಿ ಹೋದರು.

ಹೆಂಗಸರು ಹೇಳಿದ್ದಕ್ಕಿಂತ ಅರ್ಧ ಗಂಟೆ ಮೊದಲೇ ಬಂದರು. ಪಾತ್ರೆಯ ನೀರು ಮುಟ್ಟಿ ನೋಡಿದೆ. ಇನ್ನೂ ಬೆಚ್ಚಗಿತ್ತು. ಅದರಲ್ಲಿ ಹಾಕಿದರೆ ಸೌತೆಕಾಯಿ ಬಾಡಿಬಿಡುತ್ತದಲ್ಲ, ಚಿತ್ರದಲ್ಲಿದ್ದ ಹಾಗೆ ಕಟಕಟ ಎನ್ನುವುದಿಲ್ಲವಲ್ಲ... ಪಾಳಿ ತಪ್ಪಿ, ಮಂಜೀರಾ ನೀರು ಬಂದು ಮೂರು ದಿನವಾಗಿತ್ತು. ನಲ್ಲಿ ತಿರುಗಿಸಿದೆ. ಅದೇ ನೀರಿನಲ್ಲಿ ಎಲ್ಲ ತೊಳೆದು, ಕತ್ತರಿಸಿ, ಗರಿಗರಿಯಾಗಲೆಂದು ಅದೇ ನೀರು ತುಂಬಿದ ಬಟ್ಟಲಲ್ಲಿ ಮುಳುಗಿಸಿಟ್ಟೆ.

"ಚಾಲಾ ಬಾಗುಂದಂಡಿ!" ಎಂದು ತೆಲುಗಿನಲ್ಲಿ ಹೊಗಳಿದರು ಎದುರು ಫ್ಲಾಟಿನವರು. ಎಲ್ಲರೂ ಆಪಾ ಯಾರು, ಎಷ್ಟು ಹೊತ್ತಿಗೆ ಬರುತ್ತಾಳೆ ಎಂದು ವಿಚಾರಿಸಿದರು. ಸೊಸೈಟಿ ಕಾರ್ಯದರ್ಶಿಯ ಹೆಂಡತಿ, ದಾವಣಗೆರೆಯವರು, "ನಾಳೆಯಿಂದಲೇ ನಮ್ಮನೆಗೆ ಕಳಿಸ್ರೀ" ಎಂದರು. ಅವರ ಅತ್ತೆಗೆ ಹಲ್ಲಿರಲಿಲ್ಲ. ಪಾಪ, ಹುಮ್ಮುಸ್ಸನ್ನೇ ಚಮಚದಲ್ಲಿ ತೆಗೆದುಕೊಂಡು ಎರಡು ಬಟ್ಟಲು ತಿಂದರು. ಕಾರ್ಯದರ್ಶಿಯ ನಾಲ್ಕು ವರ್ಷದ ಮಗಳು ಮಾತ್ರ ಹುಮ್ಮುಸ್ ಮುಟ್ಟಲಿಲ್ಲ. ಸೌತೆಕಾಯಿಗೆ ಉಪ್ಪು ಹಚ್ಚಿಸಿಕೊಂಡು ನನ್ನ ಮಂಡಿಗೆ ಒರಗಿ ನಿಂತು, ಒಂದಾದ ಮೇಲೊಂದು ತಿಂದಿತು.

ಮರುದಿನ ಸಂಜೆಯ ಹೊತ್ತಿಗೆ ಏಳು ಜನಕ್ಕೆ ವಾಂತಿ, ಭೇದಿ. ಮಗುವನ್ನು ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಿದರು. ಮೂರು ದಿನ ಕಣ್ಣು ಬಿಡಲು ಒದ್ದಾಡಿತು. ಹಲ್ಲಿಲ್ಲದ ಅಜ್ಜಿಗೆ ಏನೂ ಆಗಿರಲಿಲ್ಲ. ಅಡುಗೆಮನೆಯಲ್ಲೇ ಹುಮ್ಮುಸ್ ರುಚಿ ನೋಡಿ, ಓಡಾಟದಲ್ಲಿ ತರಕಾರಿ ಮುಟ್ಟದೆ ಉಳಿದ ನನಗೂ ಏನೂ ಆಗಿರಲಿಲ್ಲ. ಯಾರು ಏನು ತಿಂದರೆಂದು ಬಡಿಸಿದವಳಿಗಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ?

ಭಾನುವಾರ ಕೆಳಗೆ ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಸಭೆ ಮಾಡಿದರು. ಮಗು ಇನ್ನೂ ಆಸ್ಪತ್ರೆಯಲ್ಲೇ ಇತ್ತು. ಆ ಹೆಂಗಸು ಕೈ ತೊಳೆಯುತ್ತಾಳೋ ಇಲ್ಲವೋ ಎಂದರು ಒಬ್ಬರು. ಇನ್ನೊಬ್ಬರು, "ಅವರ ಮನೆಗಳನ್ನ ನೋಡಿದ್ದೀರಾ? ಅವರ ಪದ್ಧತಿಯೇ ಬೇರೆ" ಎಂದರು. ಯಾರೂ ಅಲ್ಲವೆನ್ನಲಿಲ್ಲ. ನಾನು ಕುರ್ಚಿಯ ತುದಿಗೆ ಸರಿದೆ. ನಮ್ಮವರಿಗೆ ಹಿಂದಿನ ರಾತ್ರಿಯೇ ಎಲ್ಲ ಹೇಳಿದ್ದೆ. ಅವರು ನನ್ನ ಕಡೆ ಬಾಗಿ, "ಸುಮ್ನಿರು. ಆ ಮಗುವಿಗೆ ಹೆಚ್ಚುಕಮ್ಮಿ ಆದರೆ ಏನ್ಮಾಡ್ತೀಯ?" ಎಂದರು ಮೆಲ್ಲಗೆ.

ಕಾರ್ಯದರ್ಶಿ ನನ್ನನ್ನೇ ನೋಡಿ ಕೇಳಿದರು. "ಮೇಡಂ, ಅವತ್ತು ಅಡುಗೆ ಮಾಡಿದ್ದು ಆಕೆಯೇ ತಾನೆ?"

"ಹೌದು" ಎಂದೆ.

ಅಷ್ಟೇ ಕೇಳಿದ್ದರು, ಅಷ್ಟಕ್ಕೇ ಉತ್ತರ ಕೊಟ್ಟೆ. ಆಪಾರ ಗೇಟ್ ಪಾಸು ರದ್ದಾಯಿತು. ಗೇಟಿನೊಳಗೆ ಬಿಡಬಾರದೆಂದು ವಾಚ್‌ಮನ್ನರಿಗೆ ಹೇಳಿದರು. ಮಗು ಮಂಗಳವಾರ ಮನೆಗೆ ಬಂತು.

ಎರಡು ವಾರದ ಮೇಲೆ ಇಂಟರ್‌ಕಾಮ್ ರಿಂಗಾಯಿತು. ಗೇಟಿನ ಹತ್ತಿರ ನನ್ನನ್ನು ಯಾರೋ ಕರೆಯುತ್ತಿದ್ದಾರಂತೆ. ಇಳಿದು ಹೋದೆ. ಆಪಾ ಬುರ್ಖಾ ಹಾಕಿಕೊಂಡು, ಗೇಟಿನ ಆಚೆ, ಕ್ಯಾಬುಗಳಿಗೆ ಅಡ್ಡವಾಗದಂತೆ ಗೋಡೆಗೆ ಒತ್ತಿ ನಿಂತಿದ್ದರು. ನಾನು ಈಚೆಯೇ ನಿಂತೆ. ಯಾಕೆ ಆಚೆ ಹೋಗಲಿಲ್ಲ ಎಂದು ಈಗಲೂ...

"ಆ ಕೂಸು ಹ್ಯಾಂಗದರಿ?" ಮೊದಲು ಕೇಳಿದ್ದು ಅದನ್ನೇ.

"ಆರಾಮಿದೆ ಆಪಾ. ಆಡ್ತಿದೆ."

"ಅಲ್ಲಾನ ದಯಾ." ಎಂದರು. "ನಾಡಿದ್ದು ಹೊಂಟೀನ್ರಿ. ಏಜೆಂಟ ಟಿಕೀಟ್ ತಂದಾನ. ಮಗಳು ನಮ್ಮ ಅಮ್ಮನ ಕಡೆ ಇರ್ತಾಳ."

ನಾನು ಏನೋ ಹೇಳಲು ಹೋದೆ. ಅವರು ಕೈ ಎತ್ತಿ ತಡೆದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

"ನಾ ಕುದಿಸಿಟ್ಟ ನೀರು ಮರುದಿನಾನೂ ಭಾಂಡೇದಾಗ ಹಂಗಾ ಇತ್ತಲ್ರೀ ಬಾಯಾರ. ಮುಚ್ಚಳ ಸೈತ ಸರಿಸಿರಲಿಲ್ಲ. ಮುಂಜಾನಿ ಬಂದು ನಾನಾ ಚೆಲ್ಲೀನಿ."

ಒಂದು ಕ್ಯಾಬು ಹಾರ್ನ್ ಹೊಡೆಯಿತು. ವಾಚ್‌ಮನ್ ಅವರನ್ನು ಸರಿಯಲು ಹೇಳಿದ. ಸರಿದರು.

"ಯಾರಿಗೂ ಅಂದಿಲ್ರಿ ನಾ. ನೀವಾ ಹೇಳ್ತೀರಿ ಅಂತ ದಾರಿ ನೋಡ್ದೆ."

ಹೀಗೆಂದು ಮುಸುಕು ಎಳೆದುಕೊಂಡು ಬಸ್ತಿಯ ಕಡೆ ನಡೆದರು. ನಾನು ಕರೆಯಲಿಲ್ಲ. ಕರೆದು ಏನೆನ್ನಬೇಕಿತ್ತು ಎನ್ನುವುದು ಗೊತ್ತಿತ್ತು, ಆದರೂ ಕರೆಯಲಿಲ್ಲ.

ಅವರು ಕೊಟ್ಟಿದ್ದ ಊರಿನ ಫೋನ್ ನಂಬರಿಗೆ ಎರಡು ವರ್ಷ ಬಿಟ್ಟು ಒಮ್ಮೆ ಮಾಡಿದೆ. ಮಗಳು ಎತ್ತಿದಳು. ದನಿ ಬಲಿತಿತ್ತು. ಅಮ್ಮಿ ಇಲ್ಲ ಎಂದಳು. ಹೋದ ರಮಜಾನಿಗೆ ಮೊದಲೇ ತೀರಿಕೊಂಡರಂತೆ. ಎದೆಬಡಿತ ನಿಂತಿತೆಂದು ಕಾಗದದಲ್ಲಿ ಬರೆದಿದ್ದರಂತೆ. ಶವವನ್ನೂ ಕಳಿಸಲಿಲ್ಲ, ಅಲ್ಲೇ ಮಣ್ಣು ಮಾಡಿದರಂತೆ.

"ನೀವ್ಯಾರ್ರಿ?" ಎಂದು ಕೇಳಿದಳು.

"ಗಚ್ಚಿಬೌಲಿಯಲ್ಲಿ... ನಿಮ್ಮ ಅಮ್ಮಿ ನಮ್ಮ ಮನೆಯಲ್ಲಿ ಅಡುಗೆ..."

"ನೀರಿನ ಬಾಯಾರಾ?" ಎಂದಳು.

ನಾನು ಫೋನು ಇಟ್ಟುಬಿಟ್ಟೆ.

ಹದಿನೇಳು ವರ್ಷವಾಯಿತು. ನಾವು ಅದೇ ಫ್ಲಾಟಿನಲ್ಲಿದ್ದೇವೆ. ಎಳ್ಳಿನ ವಾಸನೆ ಬಂದ ಮರುದಿನ, ಬೆಳಗಿನ ವಾಕಿಂಗಿನಲ್ಲಿ, ಕಾರ್ಯದರ್ಶಿಯ ಹೆಂಡತಿಯನ್ನು ನಿಲ್ಲಿಸಿ ಹೇಳಿಯೇಬಿಟ್ಟೆ. ಅವತ್ತು ತರಕಾರಿ ತೊಳೆದವಳು ನಾನು, ಟ್ಯಾಂಕರ್ ನೀರಿನಲ್ಲಿ. ನಿಮ್ಮ ಮಗಳು ಆಸ್ಪತ್ರೆ ಸೇರಿದ್ದು ನನ್ನಿಂದ, ಆಪಾರಿಂದ ಅಲ್ಲ. ಬೈದರೆ ಬೈಯಲಿ, ಮಾತು ಬಿಟ್ಟರೆ ಬಿಡಲಿ ಎಂದು ಗಟ್ಟಿಮಾಡಿಕೊಂಡಿದ್ದೆ.

ಅವರು ಕಿವಿಯಿಂದ ಇಯರ್‌ಫೋನ್ ತೆಗೆದು, ಹುಬ್ಬು ಗಂಟಿಕ್ಕಿ ಯೋಚಿಸಿದರು. "ಮಗಳು ಸೀರಿಯಸ್ ಆಗಿದ್ದು ನೆನಪಿದೆ. ಅದು ಯಾವುದೋ ಮದುವೆ ಊಟದಿಂದ ಅಲ್ವಾ?" ಎಂದರು. "ಆಪಾ ಅಂದರೆ ಯಾರ್ರೀ?"

ನಾನು ಬಿಡಿಸಿ ಹೇಳಲು ನೋಡಿದೆ. ಹುಮನಾಬಾದಿನವರು, ಎಡಗೈ ಸುಟ್ಟಿತ್ತು, ನಮ್ಮ ಮನೆಗೆ ಬರುತ್ತಿದ್ದರು. ಅವರು ನಯವಾಗಿ ತಲೆ ಅಲ್ಲಾಡಿಸಿದರು. "ಬಿಡ್ರೀ, ಎಷ್ಟು ಜನ ಬಂದುಹೋದ್ರು. ಇದನ್ನೆಲ್ಲ ಈಗ ತಲೆಗೆ ಹಚ್ಕೋಬೇಡಿ" ಎಂದು ನನ್ನ ಭುಜ ತಟ್ಟಿ ಮುಂದೆ ಹೋದರು.

ಮನೆಗೆ ಬಂದು ಹಳೆಯ ಡೈರಿಯಲ್ಲಿ ಆ ನಂಬರು ಹುಡುಕಿ ಒತ್ತಿದೆ. ಈಗ ಅದು ಇನ್ಯಾರದೋ ಆಗಿದೆ. ಎತ್ತಿದ ಗಂಡಸು ಹಿಂದಿಯಲ್ಲಿ, ಯಾರು ಬೇಕಾಗಿತ್ತು ಎಂದು ಎರಡು ಸಲ ಕೇಳಿದ.