ಕಾರ್ಕಳದ ಚಳಿಗೆ ಮುನಿಯುತ್ತಿದ್ದ ಕಾರು

ನಮ್ಮ ಕಾರಿಗೆ ತಲೆಯ ಮೇಲೆ ಮಾಡು ಇರಲಿಲ್ಲ. ಇದ್ದ ಕ್ಯಾನ್ವಾಸಿನ ಮಾಡನ್ನು ಅದು ನಮ್ಮ ಕೈಗೆ ಬರುವ ಮೊದಲೇ ಇಲಿಗಳು ಮುಗಿಸಿದ್ದವು. ಹಾಗಾಗಿ ಜೂನ್ ತಿಂಗಳಲ್ಲಿ ಮೊದಲ ಮಳೆ ಬಿತ್ತೆಂದರೆ ಕಾರು ಶೆಡ್ಡಿಗೆ, ನನ್ನ ಗಂಡ ಬಸ್ಸಿಗೆ. ಮಣಿಪಾಲದ ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುತ್ತಿದ್ದ ಅವರು ನಾಲ್ಕು ತಿಂಗಳು ಕಾಪುವಿನಿಂದ ಬಸ್ಸು ಹತ್ತಿ, ಉಡುಪಿಯಲ್ಲಿ ಇನ್ನೊಂದು ಬಸ್ಸು ಹಿಡಿದು, ಒದ್ದೆ ಕೊಡೆಗಳ ಮಧ್ಯೆ ನಿಂತುಕೊಂಡು ಹೋಗಿ ಬರುತ್ತಿದ್ದರು. ಮನೆಗೆ ಬಂದ ಕೂಡಲೇ ನನ್ನನ್ನಲ್ಲ, ಶೆಡ್ಡನ್ನು ವಿಚಾರಿಸಿಕೊಳ್ಳುತ್ತಿದ್ದರು.

ಅದು ಇಂಗ್ಲೆಂಡಿನಲ್ಲಿ ಮಾಡಿದ, ಎರಡೇ ಸೀಟಿನ, ಕೆಂಪು ಬಣ್ಣದ ಸ್ಪೋರ್ಟ್ಸ್ ಕಾರು. ಘಟ್ಟದ ಮೇಲೆ ಕಾಫಿ ತೋಟ ಮಾಡಿಕೊಂಡಿದ್ದ ಒಬ್ಬ ದೊರೆ ತನ್ನ ದೇಶಕ್ಕೆ ಹಿಂತಿರುಗುವಾಗ ಮಾರಿದ್ದು. ಅದರಲ್ಲಿ ಕೂತರೆ ಎದುರು ಬರುವ ಎತ್ತಿನ ಗಾಡಿಯ ಗಾಲಿ ನಮ್ಮ ತಲೆಗಿಂತ ಎತ್ತರಕ್ಕೆ ಕಾಣುತ್ತಿತ್ತು. ಕಾಲು ಚಾಚಿ, ಬೆನ್ನು ಒರಗಿಸಿ, ಹೆಚ್ಚುಕಡಿಮೆ ನೆಲದ ಮೇಲೆಯೇ ಕೂರಬೇಕು. ನನ್ನ ಅತ್ತೆ ಒಂದೇ ಒಂದು ಸಲ ಕೂತರು. ಏಳಲಿಕ್ಕೆ ಇಬ್ಬರು ಕೈ ಕೊಡಬೇಕಾಯಿತು. ಇದರಲ್ಲಿ ಕೂತುಕೊಳ್ಳುವುದಲ್ಲ, ಮಲಗುವುದು, ಮಲಗಲಿಕ್ಕೆ ನನಗೆ ಮನೆಯಲ್ಲಿ ಮಂಚ ಉಂಟು ಎಂದು ಅವರು ಮತ್ತೆ ಅದರ ಹತ್ತಿರ ಸುಳಿಯಲಿಲ್ಲ.

ನನಗೆ ಮಾತ್ರ ಆ ಕಾರೆಂದರೆ ಪ್ರಾಣ. ಗಂಡನಿಗೆ ಇದನ್ನು ಹೇಳುತ್ತಿರಲಿಲ್ಲ, ಹೇಳಿದರೆ ತಲೆಯ ಮೇಲೆ ಕೂರುತ್ತಾರೆ. ರಜೆಯ ದಿನ ಅವರು ಜಗಲಿಯಲ್ಲಿ ಹಳೆಯ ಪೇಪರು ಹಾಸಿ ಕಾರಿನ ಒಂದೊಂದು ಭಾಗವನ್ನು ಬಿಚ್ಚಿ ಹರಡುತ್ತಿದ್ದರು. ನಾನು ಸ್ಪ್ಯಾನರ್ ಕೊಡುತ್ತಾ ಕೊಡುತ್ತಾ ಯಾವ ನಟ್ಟಿಗೆ ಯಾವುದು ಎಂದು ಕಲಿತೆ. ಪ್ಲಗ್ಗಿನ ಬಣ್ಣ ನೋಡಿ ಎಂಜಿನ್ನಿನ ಆರೋಗ್ಯ ಹೇಳಲು ಕಲಿತೆ. ಕೊಯ್ಲು ಮುಗಿದ ಗದ್ದೆಯಲ್ಲಿ ಅವರು ನನಗೆ ಡ್ರೈವಿಂಗನ್ನೂ ಕಲಿಸಿದರು. ಲೈಸೆನ್ಸೂ ಆಯಿತು. ಆದರೆ ರಸ್ತೆಗೆ ಬಂದ ಕೂಡಲೇ ಸ್ಟಿಯರಿಂಗ್ ಅವರದ್ದು. ಜನ ನೋಡುತ್ತಾರೆ ಎನ್ನುತ್ತಿದ್ದರು. ಆ ಕಾರನ್ನು ಯಾರು ಬಿಟ್ಟರೂ ಜನ ನೋಡಿಯೇ ನೋಡುತ್ತಾರೆ ಎಂದು ನಾನು ವಾದಿಸಿದರೆ, ಅವರಿಗೆ ತಕ್ಷಣ ಬೇರೆ ಏನೋ ಕೆಲಸ ನೆನಪಾಗುತ್ತಿತ್ತು.

ಹೀಗಿರುವಾಗ ಕಾರ್ಕಳದಲ್ಲಿ ಇನ್ನೊಂದು ಸ್ಪೋರ್ಟ್ಸ್ ಕಾರು ಉಂಟು ಎಂಬ ಸುದ್ದಿ ತಂದದ್ದು ನಾನೇ. ಅದು ಇದ್ದದ್ದು ನನ್ನ ಹಳೆಯ ಹೆಡ್ ಟೀಚರ ಮನೆಯಲ್ಲಿ. ಉಡುಪಿಯ ಶಾಲೆಯಲ್ಲಿ ನನಗೆ ಕನ್ನಡ ಕಲಿಸಿದವರು ಅವರು. ನಮ್ಮಿಬ್ಬರ ಮನೆಮಾತೂ ಕೊಂಕಣಿಯೇ ಆದರೂ, ಶಾಲೆಯ ಗೇಟಿನೊಳಗೆ ಕನ್ನಡವಲ್ಲದೆ ಬೇರೆ ಮಾತಿಗೆ ಅವರಲ್ಲಿ ಉತ್ತರ ಇರಲಿಲ್ಲ. ನಿವೃತ್ತಿಯಾಗಿ ಕಾರ್ಕಳದ ತಮ್ಮ ಮನೆಯಲ್ಲಿ ಒಬ್ಬರೇ ಇದ್ದಾಗಲೂ ನನ್ನೊಡನೆ ಅದೇ ಕನ್ನಡ, ಅದೇ ಗದರಿಕೆ. ಅವರ ಅಣ್ಣ ಮುಂಬಯಿಯಲ್ಲಿ ದೊಡ್ಡ ಕೆಲಸದಲ್ಲಿದ್ದವರು, ಊರಿಗೆ ಬರುವಾಗ ತಮ್ಮ ಕಾರನ್ನೂ ತಂದಿದ್ದರು. ಅಣ್ಣ ತೀರಿಕೊಂಡ ಮೇಲೆ ಅದು ದನದ ಹಟ್ಟಿಯ ಒಂದು ಬದಿಯಲ್ಲಿ ಬೈಹುಲ್ಲಿನ ಕೆಳಗೆ ಸೇರಿಕೊಂಡಿತ್ತು.

ಹುಲ್ಲು ಸರಿಸಿದಾಗ ಮೊದಲು ಕಂಡದ್ದು ಒಂದು ಹೆಡ್‌ಲೈಟು, ಆಮೇಲೆ ಉದ್ದನೆಯ ಹಸಿರು ಬಾನೆಟ್ಟು. ನನ್ನ ಗಂಡ ಅಲ್ಲಿಯೇ, ಸೆಗಣಿಯ ನೆಲದಲ್ಲಿ, ಇಸ್ತ್ರಿಯ ಪ್ಯಾಂಟಿನಲ್ಲಿ ಮೊಣಕಾಲೂರಿದರು. ಚರ್ಚಿನಲ್ಲಿ ಅಷ್ಟು ಭಕ್ತಿಯಿಂದ ಅವರು ಮೊಣಕಾಲೂರಿದ್ದನ್ನು ನಾನು ನೋಡಿರಲಿಲ್ಲ.

ಟೀಚರಿಗೆ ಆ ಕಾರನ್ನು ಇಟ್ಟುಕೊಳ್ಳುವ ಹಾಗೂ ಇಲ್ಲ, ಕೊಡುವ ಮನಸ್ಸೂ ಇಲ್ಲ. ಮಲ್ಪೆಯ ಒಬ್ಬರು ಅದರ ಎಂಜಿನ್ನನ್ನು ದೋಣಿಗೆ ಕೂರಿಸುತ್ತೇನೆ ಎಂದು ಆಗಲೇ ಎರಡು ಮೂರು ಸಲ ಬಂದು ಹೋಗಿದ್ದರು. ಅವರಿಗೆ ಕೊಟ್ಟರೆ ಎಂಜಿನ್ ಸಮುದ್ರಕ್ಕೆ, ಉಳಿದದ್ದು ಗುಜರಿಗೆ. ಅಣ್ಣನ ಪಕ್ಕದಲ್ಲಿ ಕೂತು ಊರೆಲ್ಲಾ ತಿರುಗಿದ ಕಾರು ಅದು ಎಂದು ಟೀಚರು ಹೇಳಲಿಲ್ಲ. ಸೆರಗಿನ ತುದಿಯಿಂದ ಹೆಡ್‌ಲೈಟಿನ ಧೂಳು ಒರೆಸಿದರು, ಅಷ್ಟೆ. ಆ ಸೆರಗಿಗೆ ಚಾಕ್ ಪುಡಿ ತಾಗಿದರೂ ಸಹಿಸದವರು ಅವರು.

ಕಡೆಗೆ ನನ್ನ ಗಂಡನಿಗೆ ಹೀಗೆಂದರು, "ಮಾಸ್ಟ್ರೇ, ಇರುವ ಒಂದು ಕಾರನ್ನು ಹೊತ್ತಿಗೆ ಸರಿಯಾಗಿ ಹೊರಡಿಸಲಿಕ್ಕೆ ಬರುವವರಿಗೆ ಎರಡನೆಯದು ಕೊಡಬಹುದು. ಒಂದು ಭಾನುವಾರ ನನ್ನನ್ನು ಚರ್ಚಿನ ಮೊದಲ ಪೂಜೆಗೆ ಮುಟ್ಟಿಸಿ. ಗಂಟೆ ನಿಲ್ಲುವ ಮೊದಲು ನಾನು ಬೆಂಚಿನಲ್ಲಿ ಕೂತಿರಬೇಕು."

ಇದೆಂತ ದೊಡ್ಡ ವಿಷಯ ಎಂದು ನನ್ನ ಗಂಡ ನಕ್ಕರು. ಡಿಸೆಂಬರ್ ಶುರುವಾಗಿತ್ತು. ಶನಿವಾರ ಸಂಜೆ ಕಾಪುವಿನಿಂದ ಹೊರಟು, ಪಡುಬಿದ್ರಿಯಲ್ಲಿ ತಿರುಗಿ, ಬೆಳ್ಮಣ್ಣಿನ ಮೇಲಿಂದ ಕಾರ್ಕಳಕ್ಕೆ ಹಕ್ಕಿಯ ಹಾಗೆ ಹಾರಿದೆವು. ಕಾರನ್ನು ಟೀಚರ ಅಂಗಳದಲ್ಲಿ ಹಲಸಿನ ಮರದ ಕೆಳಗೆ ನಿಲ್ಲಿಸಿದೆವು. ಬೆಳಿಗ್ಗೆ ಮೊದಲು ಟೀಚರನ್ನು ಚರ್ಚಿಗೆ ಬಿಟ್ಟು, ಆಮೇಲೆ ಬಂದು ನನ್ನನ್ನು ಕರೆದುಕೊಂಡು ಹೋಗುವುದು ಎಂದು ತೀರ್ಮಾನವಾಗಿತ್ತು.

ಬೆಳಿಗ್ಗೆ ಎಂಜಿನ್ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಟೀಚರು ಕೊಡೆ ಹಿಡಿದುಕೊಂಡು ಕೂತರು. ಆಕ್ಸಿಲರೇಟರ್ ಒತ್ತಿದ ಕೂಡಲೇ ಕಾರು ಉಬ್ಬಸದ ರೋಗಿಯಂತೆ ಕೆಮ್ಮಿತು. ಗೇಟಿನ ಹೊರಗೆ ಸಣ್ಣ ಏರು, ಅದನ್ನೂ ಹತ್ತಲಿಲ್ಲ. ನನ್ನ ಗಂಡ ಎಂಜಿನ್ ನಿಲ್ಲಿಸಿ, ಬಾನೆಟ್ ಎತ್ತಿ, ಪ್ಲಗ್ ಬಿಚ್ಚತೊಡಗಿದರು. ಟೀಚರು ಇಳಿದು ನಡೆದೇ ಹೋದರು. ಅವರ ಜೀವಮಾನದಲ್ಲಿ ಮೊದಲ ಸಲ ಪೂಜೆಗೆ ತಡವಾಗಿ ಹೋದದ್ದು ಅಂದು.

ಬಿಸಿಲು ಏರಿದ ಮೇಲೆ ಅದೇ ಕಾರು ಅದೇ ಏರನ್ನು ಹಾಡುತ್ತಾ ಹತ್ತಿತು. ನನ್ನ ಗಂಡನಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ.

ಆ ವಾರವಿಡೀ ನಮ್ಮ ಮನೆ ಆಸ್ಪತ್ರೆಯಾಯಿತು. ಪಾಯಿಂಟ್ ಉಜ್ಜಿದ್ದಾಯಿತು, ಪೆಟ್ರೋಲಿನ ಜಾಲರಿ ತೊಳೆದದ್ದಾಯಿತು, ಹೊಸ ಪ್ಲಗ್ ಹಾಕಿದ್ದಾಯಿತು. ಉಡುಪಿಯ ಮೆಕ್ಯಾನಿಕ್ ಮಧ್ಯಾಹ್ನದ ಹೊತ್ತು ಒಂದು ಸುತ್ತು ಓಡಿಸಿ ಬಂದು, ಕಾರಿಗೆ ಎಂತದೂ ಇಲ್ಲ, ನೀವು ಸ್ವಲ್ಪ ನಿದ್ದೆ ಮಾಡಿ ಎಂದು ಸಲಹೆ ಕೊಟ್ಟ. ಮಣಿಪಾಲದ ಡಾಕ್ಟರ್ ಸ್ನೇಹಿತರೊಬ್ಬರು ಸ್ಟೆತಾಸ್ಕೋಪನ್ನು ಎಂಜಿನ್ನಿಗೆ ಇಟ್ಟು, ಕಣ್ಣು ಮುಚ್ಚಿ ಆಲಿಸಿ, ಎದೆ ಗಟ್ಟಿ ಉಂಟು ಎಂದರು. ಕಾಪುವಿನಲ್ಲಿ ಬೆಳಿಗ್ಗೆ ಎಷ್ಟು ಬೇಗ ಹೊರಡಿಸಿದರೂ ಕಾರು ಸಾಧು. ಅದರ ಸಿಟ್ಟೆಲ್ಲಾ ಕಾರ್ಕಳದ ಮೇಲೆ. ಅಲ್ಲಿಯ ನೀರು ಅದಕ್ಕೆ ಹಿಡಿಸುವುದಿಲ್ಲ ಎಂದು ಅತ್ತೆ ಹೇಳಿದರು. ಎಲ್ಲರ ರೋಗನಿರ್ಣಯದ ಪೈಕಿ ಅದೇ ಹೆಚ್ಚು ಹತ್ತಿರದ್ದು ಎಂದು ನಮಗೆ ಆಗ ಗೊತ್ತಿರಲಿಲ್ಲ.

ಮುಂದಿನ ಭಾನುವಾರವೂ ಅದೇ ಕಥೆ. ಈ ಸಲ ಟೀಚರು ಕಾರು ಹತ್ತುವ ಶ್ರಮವನ್ನೂ ತೆಗೆದುಕೊಳ್ಳಲಿಲ್ಲ, ಕೆಮ್ಮು ಕೇಳಿದ ಕೂಡಲೇ ನಡೆದರು. ಪೂಜೆ ಮುಗಿಸಿ ಬಂದು ನಮಗೆ ಇಡ್ಲಿಯಂಥ ಸಾನ್ನ ಬಡಿಸುತ್ತಾ, ಮಲ್ಪೆಯವರು ಬರುವ ಭಾನುವಾರ ಲಾರಿ ತರುತ್ತಾರೆ, ನಾನು ಆಗಲಿ ಅಂದಿದ್ದೇನೆ ಎಂದರು. ನನ್ನ ಗಂಡನ ಕೈಯಲ್ಲಿದ್ದ ಸಾನ್ನ ಅಲ್ಲಿಯೇ ನಿಂತಿತು. ಇನ್ನೊಂದು ಅವಕಾಶ ಕೊಡಿ ಟೀಚರ್ ಎಂದು ನಾನು ಬೇಡಿಕೊಂಡೆ. ಲಾರಿ ಬರುವುದು ಪೂಜೆಯ ನಂತರ, ಪೂಜೆ ಅದಕ್ಕಿಂತ ಮೊದಲು ಉಂಟಲ್ಲ ಎಂದಷ್ಟೇ ಹೇಳಿದರು. ಹಾಗೆ ಹೇಳುವಾಗ ಅವರ ಮುಖ ಹಟ್ಟಿಯ ಕಡೆಗೆ ಇತ್ತು.

ಆ ಶನಿವಾರ ನಾವು ಕಾರ್ಕಳ ತಲುಪುವಾಗ ಮೈ ನಡುಗಿಸುವ ಚಳಿ. ಬೆಳಗ್ಗೆ ನನ್ನ ಗಂಡ ಎಲ್ಲರಿಗಿಂತ ಮೊದಲು ಎದ್ದು ಅಂಗಳಕ್ಕಿಳಿದರು. ನಾನು ಒಳಗೆ ತಲೆ ಬಾಚಲೆಂದು ಜಡೆ ಬಿಚ್ಚಿ, ಮನೆಯಿಂದ ತಂದಿದ್ದ ತೆಂಗಿನೆಣ್ಣೆಯ ಬಾಟ್ಲಿಯನ್ನು ಅಂಗೈಗೆ ಬಗ್ಗಿಸಿದೆ. ಒಂದು ಹನಿಯೂ ಬೀಳಲಿಲ್ಲ. ಒಳಗೆ ಎಣ್ಣೆ ಮೇಣದ ಹಾಗೆ ಬೆಳ್ಳಗೆ ಗಟ್ಟಿಯಾಗಿತ್ತು. ಚಳಿಗೆ ಎಣ್ಣೆ ಹೆಪ್ಪುಗಟ್ಟಿದರೆ ಒಲೆಯ ಪಕ್ಕ ಇಡಬೇಕು ಎಂಬುದು ಯಾವ ಹೆಂಗಸಿಗೂ ಹೇಳಿಕೊಡಬೇಕಾಗಿಲ್ಲ. ನಾನೂ ಅಡುಗೆಮನೆಗೆ ಹೋಗಿ ಒಲೆಯ ಪಕ್ಕ ಇಟ್ಟೆ. ಅಷ್ಟರಲ್ಲಿ ಹೊರಗೆ ಕಾರು ಕೆಮ್ಮಿತು.

ಬಾಟ್ಲಿಯ ಮೇಲೆ ಇಟ್ಟ ಕೈ ಹಾಗೆಯೇ ನಿಂತಿತು.

ನಮ್ಮ ಕಾರಿನಲ್ಲಿ ಪೆಟ್ರೋಲಿಗೆ ಗಾಳಿ ಬೆರೆಸುವ ಎರಡು ಕಾರ್ಬುರೇಟರುಗಳ ತಲೆಯ ಮೇಲೂ ಹಿತ್ತಾಳೆಯ ಪುಟ್ಟ ಮುಚ್ಚಳ ಉಂಟು. ಅದರ ಕೆಳಗಿನ ಕೊಳವೆಯಲ್ಲಿ ಸ್ವಲ್ಪ ತೆಳು ಎಣ್ಣೆ ಹಾಕಿಡಬೇಕು. ಆಕ್ಸಿಲರೇಟರ್ ಒತ್ತಿದಾಗ ಒಳಗಿನ ಪಿಸ್ಟನ್ ಆ ಎಣ್ಣೆಯಲ್ಲಿ ಮೆತ್ತಗೆ ಮೇಲೇರಿ ಎಂಜಿನ್ನಿಗೆ ಗಾಳಿ ಬಿಡುತ್ತದೆ. ಎಣ್ಣೆ ಹೆಪ್ಪುಗಟ್ಟಿದರೆ ಪಿಸ್ಟನ್ ಏಳುವುದಿಲ್ಲ, ಕಾರಿಗೆ ಉಸಿರು ಕಟ್ಟುತ್ತದೆ. ಮಳೆಗಾಲ ಮುಗಿದು ಕಾರು ಶೆಡ್ಡಿನಿಂದ ಹೊರಟ ದಿನ ನನ್ನ ಗಂಡ ಅಲ್ಲಿಗೆ ಹಾಕಿದ್ದು ನಮ್ಮದೇ ತೋಟದ ಕಾಯಿಯಿಂದ ಗಾಣದಲ್ಲಿ ಆಡಿಸಿದ ತೆಂಗಿನೆಣ್ಣೆ. ನಮ್ಮ ಮನೆಯಲ್ಲಿ ತಲೆಗೂ ಅದೇ, ಒಗ್ಗರಣೆಗೂ ಅದೇ, ಕಿರುಗುಟ್ಟುವ ಬಾಗಿಲಿಗೂ ಅದೇ. ಲಂಡನಿನಲ್ಲಿ ಇಷ್ಟು ಶುದ್ಧ ಎಣ್ಣೆ ಸಿಕ್ಕುತ್ತದಾ ಎಂದು ಹೆಮ್ಮೆಪಟ್ಟಿದ್ದರು ಬೇರೆ. ಕಾಪುವಿನಲ್ಲಿ ನಮ್ಮ ಶೆಡ್ಡಿಗೂ ಬಚ್ಚಲಿಗೂ ನಡುವೆ ಒಂದೇ ಗೋಡೆ. ಬೆಳಗಾಗುವ ಮೊದಲೇ ಹಂಡೆಯ ಕೆಳಗೆ ಬೆಂಕಿ, ಗೋಡೆ ಬೆಚ್ಚಗೆ, ಕಾರೂ ಬೆಚ್ಚಗೆ. ಕಾರ್ಕಳದಲ್ಲಿ ಅದು ಇಡೀ ರಾತ್ರಿ ಇಬ್ಬನಿಯಲ್ಲಿ ನಿಂತಿತ್ತು. ಮೇಲಾಗಿ ಇವರು ಕೆಮ್ಮು ಬಂದ ಕೂಡಲೇ ಎಂಜಿನ್ ನಿಲ್ಲಿಸಿ ಪ್ಲಗ್ ಬಿಚ್ಚುತ್ತಾರೆ. ಬಿಸಿಯಾಗಲಿಕ್ಕೆ ಅದನ್ನು ಬಿಟ್ಟರಲ್ಲವೇ ಎಣ್ಣೆ ಕರಗುವುದು?

ವರ್ಷ ವರ್ಷ ಕಾಲೇಜಿನಲ್ಲಿ ಯಾವ ವಸ್ತು ಎಷ್ಟು ಶಾಖಕ್ಕೆ ಕರಗುತ್ತದೆ ಎಂದು ಪಾಠ ಮಾಡುವ ಮನುಷ್ಯ ಇವರು.

ಒಲೆಯ ಮೇಲಿದ್ದ ಬಿಸಿನೀರಿನ ಪಾತ್ರೆಯನ್ನೂ ಎರಡು ಬಟ್ಟೆಗಳನ್ನೂ ಹಿಡಿದು, ಬಿಚ್ಚಿದ ಕೂದಲಿನಲ್ಲಿಯೇ ಅಂಗಳಕ್ಕೆ ಓಡಿದೆ. ನನ್ನ ಅವತಾರ ನೋಡಿ ಗಂಡ ಎರಡು ಹೆಜ್ಜೆ ಹಿಂದೆ ಸರಿದರು. ನಾನು ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ ಹಿಂಡಿ, ಹಿತ್ತಾಳೆ ಮುಚ್ಚಳಗಳ ಕೆಳಗೆ ಎರಡೂ ಕಾರ್ಬುರೇಟರುಗಳಿಗೆ ಮಂಡೆನೋವಿಗೆ ಕಟ್ಟುವ ಹಾಗೆ ಸುತ್ತಿದೆ. ತಣಿದ ಕೂಡಲೇ ಬಿಚ್ಚಿ ಮತ್ತೆ ಅದ್ದಿ ಸುತ್ತಿದೆ. ಎಂತ ಮಾಡ್ತಾ ಇದ್ದೀ ಎಂದು ಅವರು ಕೇಳಿದರು. ನಾನು ಹೇಳಿದ್ದು ಒಂದೇ ಮಾತು, "ತೆಂಗಿನೆಣ್ಣೆ."

ಅವರು ಮಸಿ ಮೆತ್ತಿದ ಕೈಯಿಂದ ಹಣೆ ಬಡಿದುಕೊಂಡರು. ಹಣೆಯಲ್ಲಿ ಐದು ಬೆರಳೂ ಮೂಡಿದವು. ಆ ಮುಖದಲ್ಲಿ ಪೂಜೆಗೆ ಹೋಗುವ ಹಾಗಿರಲಿಲ್ಲ. ಸಾಬೂನು ಹಿಡಿದುಕೊಂಡು ಬಾವಿಕಟ್ಟೆಗೆ ಓಡಿದರು. ನಾನು ಬಟ್ಟೆ ಬಿಚ್ಚಿ, ಬಾನೆಟ್ ಮುಚ್ಚಿ, ನೋಡುವ ಎಂದು ಸೀಟಿನಲ್ಲಿ ಕೂತು ಸ್ಟಾರ್ಟ್ ಮಾಡಿದೆ. ಮೆಲ್ಲನೆ ಕಾಲು ಒತ್ತಿದೆ. ಕೆಮ್ಮಿಲ್ಲ. ಇನ್ನೂ ಸ್ವಲ್ಪ ಒತ್ತಿದೆ. ಹಲಸಿನ ಮರದ ಕಾಗೆಗಳೆಲ್ಲಾ ಎದ್ದು ಹಾರಿದವು.

ಅದೇ ಹೊತ್ತಿಗೆ ಚರ್ಚಿನ ಗಂಟೆ ಶುರುವಾಯಿತು. ಪಕ್ಕದ ಬಾಗಿಲು ತೆರೆದ ಸದ್ದು. ನೋಡಿದರೆ ಟೀಚರು ಕೊಡೆಯ ಸಮೇತ ಒಳಗೆ ಕೂತಾಗಿದೆ.

"ಅವರು ಕೈ ತೊಳೆದು ಬರ್ತಾರೆ ಟೀಚರ್."

"ಗಂಟೆ ಕಾಯುವುದಿಲ್ಲ. ನೀನು ಬಿಡು."

ಸೆರಗನ್ನು ಬಿಚ್ಚಿದ ಕೂದಲಿನ ಮೇಲೆ ಎಳೆದುಕೊಂಡೆ, ಗೇರ್ ಹಾಕಿದೆ. ಗೇಟು ದಾಟಿ ಏರಿಗೆ ಬಂದಾಗ ಆಕ್ಸಿಲರೇಟರನ್ನು ಪೂರ್ತಿ ಒತ್ತಿದೆ. ಕಾರು ಏರನ್ನು ಏರೆಂದೇ ಲೆಕ್ಕಿಸಲಿಲ್ಲ. ಪೂಜೆಗೆ ನಡೆದು ಹೋಗುತ್ತಿದ್ದವರು ಎರಡೂ ಬದಿಗೆ ಸರಿದು ನಿಂತರು. ಹೌದು, ಜನ ನೋಡಿದರು. ಕೈಕೂಸುಗಳನ್ನೂ ಎತ್ತಿ ತೋರಿಸಿದರು. ನನಗೆ ಅಷ್ಟು ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ, ಇದನ್ನು ಗಂಡನಿಗೂ ಹೇಳಿದ್ದೇನೆ. ಚರ್ಚಿನ ಮೆಟ್ಟಿಲ ಎದುರು ಬ್ರೇಕ್ ಹಾಕುವಾಗ ಗಂಟೆ ಇನ್ನೂ ಬಾರಿಸುತ್ತಿತ್ತು. ಟೀಚರು ಸೀದಾ ಒಳಗೆ ಹೋಗಿ ತಮ್ಮ ಬೆಂಚಿನಲ್ಲಿ ಕೂತರು.

ನನ್ನ ಗಂಡ ಆ ದಿನ ನಡೆದುಕೊಂಡು, ಪೂಜೆಗೆ ತಡವಾಗಿ ಬಂದರು.

ಮನೆಗೆ ಹಿಂತಿರುಗಿದಾಗ ಗೇಟಿನ ಹೊರಗೆ ಲಾರಿ ನಿಂತಿತ್ತು. ಟೀಚರು ಮಲ್ಪೆಯವರನ್ನು ಕೂರಿಸಿ, ಕಾಫಿ ಕೊಟ್ಟು, ಕ್ಷಮೆ ಕೇಳಿ ಕಳಿಸಿಕೊಟ್ಟರು. ಆಮೇಲೆ ಒಳಗಿನಿಂದ ಕಾರಿನ ಕೀ ತಂದರು. ನನ್ನ ಗಂಡ ಎರಡೂ ಕೈ ಚಾಚಿದರು. ಟೀಚರು ಅವರನ್ನು ದಾಟಿ ಬಂದು ಕೀಯನ್ನು ನನ್ನ ಅಂಗೈಯಲ್ಲಿಟ್ಟರು.

"ಮುಟ್ಟಿಸಿದವರಿಗೆ ಅಂತ ಹೇಳಿದ್ದೆ. ನಿಮಗೆ ಒಂದು ಉಂಟಲ್ಲ ಮಾಸ್ಟ್ರೇ, ಇದು ಇವಳದ್ದು."

ನನ್ನ ಗಂಡ ಮುನಿಯುತ್ತಾರೆ ಅಂದುಕೊಂಡಿದ್ದೆ. ಆ ಮನುಷ್ಯ ನಗಲು ಶುರುಮಾಡಿದವರು ನಿಲ್ಲಿಸಲೇ ಇಲ್ಲ. ಊರಿಗೆ ಬಂದವರೇ ಮೊದಲು ಕೆಂಪು ಕಾರಿನ ತೆಂಗಿನೆಣ್ಣೆ ತೆಗೆದು ನನ್ನ ಹೊಲಿಗೆ ಯಂತ್ರದ ಎಣ್ಣೆ ಹಾಕಿದರು. ಆಮೇಲೆ ಹಸಿರು ಕಾರನ್ನು ಲಾರಿಯಲ್ಲಿ ಕಾಪುವಿಗೆ ತರಿಸಿ, ಇಡೀ ಬೇಸಿಗೆ ಅದರದ್ದೇ ಕೆಲಸ. ಈಗ ಸ್ಪ್ಯಾನರ್ ಕೇಳುವವಳು ನಾನು, ಕೊಡುವವರು ಅವರು. ಸೀಟಿನೊಳಗಿನ ಇಲಿಗೂಡು ತೆಗೆದೆವು, ತುಕ್ಕು ಉಜ್ಜಿದೆವು, ಹಿಡಿದುಕೊಂಡಿದ್ದ ಬ್ರೇಕ್ ಬಿಡಿಸಿದೆವು. ಮಳೆಗೆ ಸ್ವಲ್ಪ ಮುಂಚೆ ಒಂದು ಸಂಜೆ ಅದು ತನ್ನ ಕಾಲ ಮೇಲೆ ನಿಂತು ಕಾರ್ಕಳದವರೆಗೆ ಬಂತು.

ಟೀಚರು ಗೇಟಿನಲ್ಲಿಯೇ ಕಾಯುತ್ತಿದ್ದರು. ಸದ್ದು ದೂರದಿಂದಲೇ ಗುರುತು ಸಿಕ್ಕಿತಂತೆ. ಕೊಡೆ ತಂದಿರಲಿಲ್ಲ. ಒಳಗೆ ಕೂತು, ಬಾಗಿಲಿನ ಅಂಚಿನ ಮೇಲೆ ಕೈ ಇಟ್ಟುಕೊಂಡರು, ಅಲ್ಲಿ ಕೈ ಇಟ್ಟು ರೂಢಿ ಇದ್ದವರ ಹಾಗೆ. ವಯಸ್ಸಾದವರು, ಹಳೆಯ ಕಾರು ಎಂದು ನಾನು ಜೋಪಾನವಾಗಿ ಬಿಟ್ಟೆ. ಬಸ್ಸು ನಿಲ್ಲುವ ಜಾಗ ದಾಟಿ ನೇರ ರಸ್ತೆಗೆ ಬಂದ ಮೇಲೆ ಅವರು ನನ್ನ ಕಡೆಗೆ ನೋಡದೆ, ಎದುರಿಗೆ ನೋಡುತ್ತಾ ಹೇಳಿದರು, "ನನ್ನ ಅಣ್ಣ ಇಷ್ಟು ನಿಧಾನ ಬಿಡ್ತಿರಲಿಲ್ಲ."