ಅಂಕಲ್ ಎಂಬ ಕುರಿ

ತಳಕಲ್ಲಿನ ಮುದಿಯಪ್ಪನ ಹಿಂಡಿನಲ್ಲಿ ಒಂದು ಕುರಿಯ ಹೆಸರು ಅಂಕಲ್. ಅದು ಹೆಣ್ಣು ಕುರಿ, ಆರು ಸಲ ಈದಿದೆ. ಇನ್ನೊಂದರ ಹೆಸರು ಲ್ಯಾಡರ್, ಮತ್ತೊಂದು ಟೊಮ್ಯಾಟೊ. ಏಳನೆಯ ಇಯತ್ತೆಗೇ ಸಾಲೆ ಬಿಟ್ಟ ಮನುಷ್ಯ ಸಂಜೆ ಬಾಡಿಗೆ ದೊಡ್ಡಿಯ ಬಾಗಿಲಲ್ಲಿ ನಿಂತು ಇಂಗ್ಲಿಷಿನಲ್ಲಿ ಕುರಿ ಕರೆಯುವುದನ್ನು ಕೇಳಿ ಊರವರು ನಕ್ಕು ನಕ್ಕು ಸುಸ್ತಾಗಿದ್ದರು. ಮುದಿಯಪ್ಪ ಮಾತ್ರ ಗುಟ್ಟು ಬಿಟ್ಟುಕೊಡಲಿಲ್ಲ.

ಗುಟ್ಟು ಇಷ್ಟೇ. ಎರಡು ವರ್ಷದ ಹಿಂದೆ ಟಗರು ಮಾರಿ ಬಂದ ದುಡ್ಡಿನಲ್ಲಿ ಅವನು ಫೋನಿನ ಒಂದು ಆ್ಯಪಿನಲ್ಲಿ ಬಿಟ್‌ಕಾಯಿನ್ ಕೊಂಡಿಟ್ಟಿದ್ದ. ಅದು ಬೆಳೆದರೆ ಆರು ಗುಂಟೆ ಜಾಗ ತೆಗೆದುಕೊಂಡು ಸ್ವಂತ ದೊಡ್ಡಿ ಕಟ್ಟಬೇಕು ಅನ್ನುವುದು ಅವನ ಆಸೆ. ಹೋದ ಬೇಸಿಗೆಯಲ್ಲಿ ಆ ಆ್ಯಪಿನವರು, ನಾವು ಅಂಗಡಿ ಮುಚ್ಚುತ್ತಿದ್ದೇವೆ, ತಿಂಗಳೊಳಗೆ ನಿಮ್ಮದನ್ನು ನಿಮ್ಮ ಸ್ವಂತ ವ್ಯಾಲೆಟ್ಟಿಗೆ ಸಾಗಿಸಿಕೊಳ್ಳಿ ಎಂದು ಸಂದೇಶ ಕಳಿಸಿದರು. ಮುದಿಯಪ್ಪ ಯಲಬುರ್ಗಾದಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ತಾಹೇರನ ಹತ್ತಿರ ಓಡಿದ.

"ಘಾಬರಿ ಆಗಬ್ಯಾಡ್ರಿ," ಎಂದ ತಾಹೇರ. "ಇಷ್ಟು ದಿನ ನಿಮ್ಮ ಕುರಿ ಮಂದಿ ದೊಡ್ಡ್ಯಾಗ ಇದ್ದವು, ಕೀಲಿನೂ ಅವರ ಕೈಯಾಗ ಇತ್ತು. ಈಗ ನಿಮ್ಮ ಫೋನಿನ್ಯಾಗ ನಿಮ್ಮದ ದೊಡ್ಡಿ ಮಾಡೂಣು."

ಹೊಸ ವ್ಯಾಲೆಟ್ ತೆರೆದಾಗ ಪರದೆಯ ಮೇಲೆ ಹನ್ನೆರಡು ಇಂಗ್ಲಿಷ್ ಪದಗಳು ಬಂದವು. ತಾಹೇರ ಬೆನ್ನು ತಿರುಗಿಸಿ ನಿಂತ. "ಇದ ಕೀಲಿ ನೋಡ್ರಿ. ಫೋನ್ ಹೋದ್ರೂ ಈ ಹನ್ನೆರಡು ಪದ ಸಾಲಾಗಿ ಹಾಕಿದ್ರ ಎಲ್ಲಾ ವಾಪಸ್ ಸಿಗತೈತಿ. ಬರದು ಇಟ್ಟುಕೋರಿ. ಯಾರಿಗೆ ಗೊತ್ತಾದ್ರೂ ಅವರು ನಿಮ್ಮ ದೊಡ್ಡಿ ಖಾಲಿ ಮಾಡತಾರ. ನನಗ ಹೇಳಬ್ಯಾಡ್ರಿ, ಹೆಂಡ್ತಿಗೂ ಹೇಳಬ್ಯಾಡ್ರಿ."

ಮೊದಲು ಸ್ವಲ್ಪವೇ ಕಳಿಸಿ ನೋಡಿ ಎಂದೂ ಹೇಳಿದ. ಮುದಿಯಪ್ಪನಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಕಾಲುವೆ ಸೇತುವೆ ದಾಟಿಸುವಾಗ ಮೊದಲು ಗಂಟೆ ಕಟ್ಟಿದ ಟಗರನ್ನು ಬಿಟ್ಟು, ಅದು ಆಚೆ ಮುಟ್ಟಿದ ಮೇಲೆಯೇ ಹಿಂಡು ಹೊಡೆಯುವವನು ಅವನು. ಹೊಸ ವ್ಯಾಲೆಟ್ಟಿನ ವಿಳಾಸದ ಒಂದೊಂದು ಅಕ್ಷರವನ್ನೂ ಬೆರಳಿಟ್ಟು ನೋಡಿ ಗುಂಡಿ ಒತ್ತಿದ. ಅರ್ಧ ತಾಸು ಮೈಯೆಲ್ಲ ಕಣ್ಣಾಗಿ ಕುಳಿತ. ಬಂತು. ಉಳಿದದ್ದನ್ನೂ ಕಳಿಸಿದ, ಅದೂ ಬಂತು. ಆ ಖುಷಿಗೆ ತಾಹೇರನಿಗೆ ಮಂಡಾಳು, ಮಿರ್ಚಿ ಕೊಡಿಸಿದ.

ಆದರೆ ಪದ ಬರೆದ ಚೀಟಿಯನ್ನು ಅವನು ನಂಬಲಿಲ್ಲ. ಹಿಂದಿನ ವರ್ಷ ಅವನ ರೇಷನ್ ಕಾರ್ಡನ್ನು ಒಂದು ಮರಿ ಅರ್ಧ ತಿಂದು ಹಾಕಿತ್ತು. ಕಾಗದ ಕಳೆಯಬಹುದು, ಕುರಿಯನ್ನು ಮರೆಯುವ ಜಾಯಮಾನ ಅವನದಲ್ಲ. ಹಿರಿಯ ಕುರಿಯಿಂದ ಹಿಡಿದು ವಯಸ್ಸಿನ ಸಾಲಿನಲ್ಲಿ ಹನ್ನೆರಡು ಕುರಿಗಳಿಗೆ ಒಂದೊಂದು ಪದವನ್ನೇ ಹೆಸರಾಗಿ ಇಟ್ಟ. ತಿಂಗಳೊಪ್ಪತ್ತು ಕೂಗಿ ಬಾಯಿಪಾಠ ಮಾಡಿ ಚೀಟಿಯನ್ನು ಒಲೆಗೆ ಹಾಕಿದ. ತನ್ನ ಬುದ್ಧಿಗೆ ತಾನೇ ಬೀಗಿದ.

ದೀಪಾವಳಿ ಹೊತ್ತಿಗೆ, ಅವನು ಬೀಗರ ಊರಿಗೆ ಹೋದಾಗ, ಹೆಂಡತಿ ಹುಲಗಮ್ಮ ಕಾಲು ಎಳೆಯುತ್ತಿದ್ದ ಒಂದು ಕುರಿಯನ್ನು ಮಂಗಳೂರಿನ ಅಮರಪ್ಪನಿಗೆ ಮಾರಿದಳು. ಕಡಲ ದಂಡೆಯ ಮಂಗಳೂರಲ್ಲ, ನಮ್ಮ ಯಲಬುರ್ಗಾ ಕಡೆಯದು. ಸಾಲಿನಲ್ಲಿ ಅದು ಒಂಬತ್ತನೆಯದು. ವಾಪಸು ಬಂದ ಮುದಿಯಪ್ಪ ಒಂದಿಷ್ಟು ಗೊಣಗಿ, ಅಂದಿನಿಂದ ಸಂಜೆ ಹನ್ನೊಂದೇ ಹೆಸರು ಕೂಗಿದ.

ಯುಗಾದಿಗೆ ಮುಂಚೆ ಅವನ ಫೋನು ಕುರಿ ನೀರು ಕುಡಿಯುವ ಬಾನಿಗೆ ಬಿದ್ದು ಸತ್ತಿತು. ಹೊಸದು ತಂದು, ದೊಡ್ಡಿಯಲ್ಲಿ ನಿಂತು, ಒಂದೊಂದು ಕುರಿಯ ಮುಖ ನೋಡುತ್ತ ಪದ ಒತ್ತತೊಡಗಿದ. ಎಂಟು ಸಲೀಸಾಗಿ ಬಂದವು. ಒಂಬತ್ತನೆಯದು ಬರಲಿಲ್ಲ. ಹರಿದ ಎಡಗಿವಿ, ಮೂಗಿನ ಮೇಲಿನ ಬಿಳಿ ಬೊಟ್ಟು ಎಲ್ಲ ಕಣ್ಣ ಮುಂದಿತ್ತು, ಹೆಸರೊಂದೇ ಇಲ್ಲ. ಅವನ ಆರು ಗುಂಟೆ ಜಾಗ ಆ ಒಂದು ಪದದ ಹಿಂದೆ ಸಿಕ್ಕಿಕೊಂಡಿತ್ತು. ರಾತ್ರಿ ಅನ್ನ ಸೇರಲಿಲ್ಲ. ಏನಾಯಿತೆಂದು ಹುಲಗಮ್ಮ ಕೇಳಿದರೆ ಏನಿಲ್ಲ ಎಂದ. ಹೆಂಡತಿಗೂ ಹೇಳಬಾರದಲ್ಲ!

ಬೆಳಿಗ್ಗೆ, ಮಾರಿದ ಕುರಿ ಹೇಗಿದೆಯೋ ನೋಡಿ ಬರುತ್ತೇನೆ ಎಂದು ಮಂಗಳೂರಿನ ಬಸ್ಸು ಹತ್ತಿದ. ಅಮರಪ್ಪನ ಹಿಂಡಿನ ನಡುವೆ ಹರಿದ ಕಿವಿ ಕಂಡದ್ದೇ ತಡ, ನಾಲಿಗೆ ತಾನಾಗಿಯೇ ಹೊರಳಿತು.

"ವೆಲ್ವೆಟ್!"

ಕುರಿ ತಲೆಯೆತ್ತಿತು. ಕುಂಟುತ್ತ ಬಂದು ಅವನ ಧೋತರಕ್ಕೆ ಮೂತಿ ಒರೆಸಿತು. ಮುದಿಯಪ್ಪ ಅದರ ಕೊರಳು ತಬ್ಬಿಕೊಂಡು ಅತ್ತೇಬಿಟ್ಟ.

"ಇಷ್ಟು ಜೀವ ಇದ್ರ ಯಾಕ ಮಾರಿದ್ರಿ ಮಾರಾಯ್ರ?" ಎಂದು ಅಮರಪ್ಪ ಕಕ್ಕಾಬಿಕ್ಕಿಯಾದ.

ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕುಳಿತು ಹನ್ನೆರಡೂ ಪದ ಹಾಕಿದ. ವ್ಯಾಲೆಟ್ ತೆರೆಯಿತು, ಇಟ್ಟದ್ದೆಲ್ಲ ಇಟ್ಟ ಹಾಗೇ ಇತ್ತು. ಹಗುರಾಗಿ ಮನೆಗೆ ಬಂದು ಊಟಕ್ಕೆ ಕುಳಿತ. ಹುಲಗಮ್ಮ ರೊಟ್ಟಿ ಹಾಕುತ್ತ ಕೇಳಿದಳು, "ವೆಲ್ವೆಟ್ ಛಲೋ ಅದಾಳೇನ್ರಿ?"

ತುತ್ತು ಅವನ ಕೈಯಲ್ಲೇ ನಿಂತಿತು. "ನಿನಗ ಆ ಹೆಸರು ನೆನಪೈತೇನು?"

"ಅದನ್ನೇನು ಮರೀತಾರೇನ್ರಿ? ದಿನಾ ಸಂಜಿಕೆ ಊರಿಗೆಲ್ಲ ಕೇಳೂಹಂಗ ಒದರತಿದ್ರಿ. ಎದುರುಮನಿ ರೇಣುಕಾನೂ ಹನ್ನೆರಡೂ ಸಾಲಾಗಿ ಹೇಳತಾಳ."

ಹೆಂಡತಿಗೂ ಹೇಳದ ಕೀಲಿಯನ್ನು ಮುದಿಯಪ್ಪ ಇಷ್ಟು ದಿನ ಇಡೀ ತಳಕಲ್ಲಿಗೆ ಸಾರಿದ್ದ. ಮೊದಲು ಬೆವರಿದ, ಆಮೇಲೆ ತಡೆಯಲಾರದೆ ನಕ್ಕ, ಕೊನೆಗೆ ಅವಳಿಗೆ ಎಲ್ಲವನ್ನೂ ಹೇಳಿದ.

ಮರುದಿನ ಗಂಡ ಹೆಂಡತಿ ಇಬ್ಬರೂ ತಾಹೇರನ ಅಂಗಡಿಗೆ ಹೋಗಿ ಇನ್ನೊಂದು ವ್ಯಾಲೆಟ್ ಮಾಡಿಸಿದರು. ಮೊದಲು ಸ್ವಲ್ಪ, ಆಮೇಲೆ ಎಲ್ಲ. ಹೊಸ ಹನ್ನೆರಡು ಪದಗಳನ್ನು ಹುಲಗಮ್ಮ ಸ್ಟೀಲ್ ಪರಾತದ ಬೆನ್ನಿಗೆ ಮೊಳೆಯಿಂದ ಕೊರೆದು ಜೋಳದ ಚೀಲದ ತಳದಲ್ಲಿ ಇಟ್ಟಳು. ಮುಂದಿನ ವಾರ ವೆಲ್ವೆಟ್ಟೂ ದೊಡ್ಡಿಗೆ ವಾಪಸಾಯಿತು. ಕುರಿಗಳ ಹೆಸರು ಮಾತ್ರ ಬದಲಾಗಲಿಲ್ಲ. ಸಂಜೆ ಮುದಿಯಪ್ಪ ಬಾಗಿಲಲ್ಲಿ ನಿಂತು ಅಂಕಲ್‌ನಿಂದ ಶುರುಮಾಡಿದ. ಈಗ ಎಷ್ಟು ಜೋರಾಗಿ ಬೇಕಾದರೂ ಕೂಗಬಹುದಿತ್ತು.