ಒಳಗಿನಿಂದ ಕರೆಯುವ ದನಿ

ಅವಳು ಮುಟ್ಟಿದರೆ ಸಾಕು, ಎಂಥ ಬೀಗವೂ ತೆರೆದುಕೊಳ್ಳುತ್ತಿತ್ತು. ಓಣಿಯವರು ಅವಳನ್ನು ‘ಬೀಗದಕೈ’ ಎಂದೇ ಕರೆದರು. ಮೊದಮೊದಲು ನಕ್ಕವರು, ಆಮೇಲೆ ಯಾರ ಮನೆಯಲ್ಲಿ ಏನು ಕಳೆದರೂ ಅವಳತ್ತ ಬೆರಳು ತೋರಿಸತೊಡಗಿದರು. ತಾಯಿ ತೀರಿಕೊಂಡ ಮೇಲೆ ಸೋದರತ್ತೆ ಅವಳನ್ನು ಚಿಕ್ಕಮ್ಮನ ಮನೆಗೆ ಸಾಗಹಾಕಿದಳು. ಚಿಕ್ಕಮ್ಮನೋ, ಕಪಾಟಿಗೆ ಬೆನ್ನು ಕೊಟ್ಟೇ ಮಲಗುತ್ತಿದ್ದಳು.

ಬೀಗ ರಿಪೇರಿಯವನೊಬ್ಬ ಮಾತ್ರ ತಾನಾಗಿ ಹುಡುಕಿಕೊಂಡು ಬಂದ. “ನಮ್ಮಲ್ಲೇ ಇದ್ದುಬಿಡಮ್ಮ. ನಿನ್ನ ಕಂಡರೆ ನಮಗೇನೂ ಭಯ ಇಲ್ಲ.”

ಅಂಗಡಿಯ ಹಿಂದೆಯೇ ಮನೆ. ಗೋಡೆ ತುಂಬ ಮೊಳೆಗೆ ನೇತುಹಾಕಿದ ಬೀಗಗಳು, ನೆಲದಲ್ಲಿ ಅರದಿಂದ ಉದುರಿದ ಕಬ್ಬಿಣದ ಪುಡಿ, ಎಲ್ಲೆಲ್ಲೂ ಎಣ್ಣೆಯ ವಾಸನೆ. ಅವನ ಹೆಂಡತಿ ಅವಳ ತಲೆ ಬಾಚಿದಳು, ಬಿಸಿಬಿಸಿ ಬಡಿಸಿದಳು, “ಮಗಳೇ” ಎಂದಳು. ಆ ಒಂದು ಮಾತಿಗೆ ಹುಡುಗಿ ಕರಗಿ ನೀರಾದಳು. ಆದರೆ ಹಾಗೆ ಕರೆಯುವಾಗ ಆಕೆಯ ಕಣ್ಣು ಇರುತ್ತಿದ್ದುದು ಹುಡುಗಿಯ ಕೈಗಳ ಮೇಲೆ.

ಒಂದು ಮಧ್ಯಾಹ್ನ ಅಂಗಡಿ ಮುಚ್ಚಿ, ಗಂಡಹೆಂಡಿರಿಬ್ಬರೂ ಅವಳನ್ನು ನೆಲಮಾಳಿಗೆಗೆ ಕರೆದೊಯ್ದರು. ಅಲ್ಲೊಂದು ಕಬ್ಬಿಣದ ಬಾಗಿಲು. ಎಷ್ಟೋ ವರ್ಷಗಳ ಹಿಂದೆ ಅವರ ಪುಟ್ಟ ಮಗಳು ಆಡುತ್ತ ಆಡುತ್ತ ಒಳಗೆ ಹೋಗಿದ್ದಳಂತೆ. ಬೀಗ ತಾನಾಗಿ ಬಿದ್ದಿತ್ತಂತೆ. ಆಮೇಲೆ ಅದು ಯಾವ ಕೀಲಿಗೂ, ಯಾವ ಸುತ್ತಿಗೆಗೂ ಜಗ್ಗಿರಲಿಲ್ಲ.

“ಅಮ್ಮಾ, ತೆಗಿ,” ಎಂದಿತು ಒಳಗಿನಿಂದ ಒಂದು ದನಿ.

“ಕೇಳಿದ್ಯಾ? ದಿನಾ ಹೀಗೇ ಕರೀತಾಳೆ,” ಎಂದು ಹೆಂಗಸು ಬಾಗಿಲಿಗೆ ಕೆನ್ನೆಯಾನಿಸಿದಳು. “ತೆಗೆದುಬಿಡು ಮಗಳೇ.”

ಇಷ್ಟು ವರ್ಷ ಕಳೆದರೂ ಅದು ಪುಟ್ಟ ಮಗುವಿನ ದನಿಯೇ. ಬೀಗಕ್ಕೆ ಬೆರಳು ತಾಗಿಸಿದೊಡನೆ ಹುಡುಗಿಗೆ ಗೊತ್ತಾಯಿತು: ಆಚೆ ಬದಿಯಲ್ಲಿ ಯಾವುದೋ ದೊಡ್ಡದು ಮೈಭಾರವನ್ನೆಲ್ಲ ಬಾಗಿಲಿಗೆ ಹಾಕಿ, ಉಸಿರು ಬಿಗಿಹಿಡಿದು ನಿಂತಿತ್ತು. ಬೀಗ ನಡುಗುತ್ತಿತ್ತು, ತಡೆದು ತಡೆದು ಸೋತುಹೋಗಿತ್ತು. ಅವಳು ಅದನ್ನು ಮುಷ್ಟಿಯೊಳಗೆ ಹಿಡಿದು, ಬಿಡಬೇಡ, ಬಿಡಬೇಡ ಎಂದುಕೊಂಡಳು. ತೆರೆದುಕೊಳ್ಳಲಿದ್ದ ಬೀಗ ಅವಳ ಮಾತು ಕೇಳಿ ಕಟಕ್ಕನೆ ಬಿಗಿಯಿತು.

“ಅದು ನಿಮ್ಮ ಮಗಳಲ್ಲ ಅಮ್ಮ.”

ಆಕೆ ಬಾಗಿಲಿಗೆ ಬೆನ್ನು ತಿರುಗಿಸಿದಳು. “ನೀನೂ ಅಲ್ಲ,” ಎಂದು ಮೆಟ್ಟಿಲು ಹತ್ತಿದಳು.

ಈಗ ಊಟದ ತಟ್ಟೆ ಮೆಟ್ಟಿಲ ಮೇಲೆ ಬಂದು ಕೂರುತ್ತದೆ, ಮಾತಿಲ್ಲ ಕತೆಯಿಲ್ಲ. ಹೊರಟುಹೋಗು ಎಂದು ಅವರು ಹೇಳುವುದೂ ಇಲ್ಲ. ಎಂದಾದರೂ ಇವಳ ಮನಸ್ಸು ತಿರುಗೀತು ಎಂಬ ಆಸೆ. ಹೋಗಲು ಅವಳಿಗೂ ಆಗದು. ಕೈ ತೆಗೆದು ತುಸು ಹೊತ್ತಾದರೆ ಬೀಗ ಸಡಿಲವಾಗುತ್ತದೆ. ಹಾಗಾಗಿ ಬಾಗಿಲ ಬುಡದಲ್ಲೇ ಚಾಪೆ ಹಾಸಿಕೊಂಡಿದ್ದಾಳೆ.

ಈಚೆಗೆ ಒಳಗಿನ ದನಿ ಅಮ್ಮನನ್ನು ಕರೆಯುವುದು ಬಿಟ್ಟಿದೆ. “ಅಕ್ಕಾ,” ಎನ್ನುತ್ತದೆ, ತುಂಬ ಅಕ್ಕರೆಯಿಂದ. “ಅಕ್ಕಾ, ಇಲ್ಲಿ ನಿಂಗೂ ಜಾಗ ಇದೆ.”